ಕುದುರೆಯ ಬಾಯಿಗೆ ಅರ ಹಾಕುವ ಮುನ್ನ

ಕುದುರೆಯ ಹಲ್ಲಿನ ಕೆಲಸ ಕಲಿಯಲು ಬಂದವರ ಮುಂದೆ ಸಾಮಾನ್ಯವಾಗಿ ಮೊದಲು ಇಡುವುದು ಒಂದು ತಲೆಬುರುಡೆ. ಅದರ ಕೆಳದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲ್ದವಡೆಗೆ ಕೂಡಿಸಿ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ: ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದೇ ಇಲ್ಲ. ಮೇಲಿನದು ಅಗಲ, ಕೆಳಗಿನದು ಕಿರಿದು. ವ್ಯತ್ಯಾಸ ಸುಮಾರು ಶೇ 30ರಷ್ಟು. ಮನುಷ್ಯರ ಬಾಯಲ್ಲಾದರೆ ಇದನ್ನು ದೋಷ ಎನ್ನಬೇಕಿತ್ತು. ಕುದುರೆಗೆ ಇದೇ ಸರಿ. ಅದು ಕೆಳದವಡೆಯನ್ನು ಪಕ್ಕಕ್ಕೆ ಜಾರಿಸಿ, ಒಮ್ಮೆಗೆ ಒಂದೇ ಬದಿಯಲ್ಲಿ ಮೇವನ್ನು ಅರೆಯುತ್ತದೆ.

ಈ ಅಡ್ಡ ಚಲನೆ ಪೂರ್ತಿ ನಡೆಯದಿದ್ದಾಗ ತೊಂದರೆ ಶುರು. ಮೇಲಿನ ದವಡೆಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸವೆಯದೆ ಚೂಪಾಗಿ ಉಳಿಯುತ್ತವೆ. ಮೇಲಿನ ಚೂಪು ಕೆನ್ನೆಯನ್ನು ಕೊರೆಯುತ್ತದೆ, ಕೆಳಗಿನದು ನಾಲಿಗೆಯನ್ನು ಗೀರುತ್ತದೆ. ಆ ಚೂಪನ್ನು ಉದ್ದ ಹಿಡಿಯ ಅರದಿಂದ ಉಜ್ಜಿ ತೆಗೆಯುವುದೇ ಕುದುರೆ ದಂತಚಿಕಿತ್ಸೆಯ ಅತಿ ಸಾಮಾನ್ಯ ಕೆಲಸ. ಪಾಶ್ಚಾತ್ಯ ಲಾಯಗಳಲ್ಲಿ ಇದಕ್ಕೆ ‘ಫ್ಲೋಟಿಂಗ್’ ಎಂಬ ಹೆಸರಿದೆ.

ಕಳೆದ ಕೆಲವು ದಶಕಗಳಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ಕಡೆ ಈ ಕೆಲಸದ ಸುತ್ತ ಹೊಸ ಬಗೆಯ ತರಬೇತಿಯೊಂದು ಬೆಳೆದಿದೆ. ಅದರ ಹೆಸರು ಹೋಲಿಸ್ಟಿಕ್ ಈಕ್ವೈನ್ ಡೆಂಟಿಸ್ಟ್ರಿ, ಅಂದರೆ ಕುದುರೆಯ ಸಮಗ್ರ ದಂತಚಿಕಿತ್ಸೆ. ಹಲ್ಲೊಂದನ್ನೇ ನೋಡಬೇಡಿ, ದವಡೆ, ಕತ್ತು, ಬೆನ್ನು, ಗೊರಸು, ಮೇವು, ಕಡಿವಾಣ ಎಲ್ಲವನ್ನೂ ಒಟ್ಟಿಗೆ ನೋಡಿ ಎನ್ನುವುದು ಇದರ ಮೂಲಪಾಠ. ಮಾತು ಕೇಳಲು ಚೆನ್ನಾಗಿದೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಇದರಲ್ಲಿ ಗಟ್ಟಿ ಕಾಳೆಷ್ಟು, ಜಳ್ಳೆಷ್ಟು ಎಂದು ತೂರಿ ನೋಡಬೇಕಾದರೆ ಮೊದಲು ಕುದುರೆಯ ಬಾಯೊಳಗೆ ಇಣುಕಬೇಕು.

ಸವೆಯುತ್ತಲೇ ಮೇಲೇರುವ ಹಲ್ಲು

ಪ್ರಾಯದ ಕುದುರೆಗೆ 36ರಿಂದ 44 ಹಲ್ಲುಗಳಿರುತ್ತವೆ. ಹುಲ್ಲು ಕತ್ತರಿಸಲು ಮುಂದೆ 12 ಬಾಚಿಹಲ್ಲು, ಅರೆಯಲು ಹಿಂದೆ 24 ದವಡೆಹಲ್ಲು. ಗಂಡು ಕುದುರೆಗಳಿಗೆ ಸಾಮಾನ್ಯವಾಗಿ ನಾಲ್ಕು ಕೋರೆಹಲ್ಲು ಉಂಟು. ಹೆಣ್ಣುಗಳಲ್ಲಿ ಅವು ಅಪರೂಪ, ಬಂದರೂ ಸಣ್ಣವು. ಇನ್ನು ಕೆಲವು ಕುದುರೆಗಳಲ್ಲಿ ದವಡೆಹಲ್ಲಿನ ಸಾಲಿಗಿಂತ ಮುಂದೆ ‘ವುಲ್ಫ್ ಟೂತ್’ ಎನ್ನುವ ಪುಟ್ಟ ಹಲ್ಲೊಂದು ತಲೆ ಹಾಕುತ್ತದೆ. ಅದರಿಂದ ಕುದುರೆಗೆ ಯಾವ ಉಪಯೋಗವೂ ಇಲ್ಲ. ಕಡಿವಾಣ ಹಾಕುವ ಸವಾರನಿಗೆ ಮಾತ್ರ ಅದು ತಲೆನೋವು.

ಎಳೆ ಪ್ರಾಯದ ಕುದುರೆಯ ದವಡೆಹಲ್ಲು 7ರಿಂದ 10 ಸೆಂಟಿಮೀಟರ್ ಉದ್ದ. ಅದರಲ್ಲಿ ಹೊರಗೆ ಕಾಣುವುದು ಸ್ವಲ್ಪವೇ; ಉಳಿದದ್ದು ದವಡೆಯ ಮೂಳೆಯೊಳಗೆ ಕಾದಿರುತ್ತದೆ. ಹುಲ್ಲಿನ ಒರಟಿಗೆ ಮೇಲ್ಭಾಗ ವರ್ಷಕ್ಕೆ 2–3 ಮಿಲಿಮೀಟರ್ ಸವೆದರೆ, ಒಳಗಿನಿಂದ ಅಷ್ಟೇ ಹಲ್ಲು ಹೊರಗೆ ಸರಿಯುತ್ತದೆ. ಈ ದಾಸ್ತಾನು 25–30 ವರ್ಷದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಮುದಿ ಕುದುರೆಗೆ ಒಣಹುಲ್ಲು ಹಾಕಿ ಫಲವಿಲ್ಲ, ನೆನೆಸಿದ ಮೆತ್ತನೆಯ ಮೇವನ್ನೇ ಕೊಡಬೇಕು. ಅರ ಹಿಡಿಯುವವರು ಇದನ್ನು ಮರೆಯುವಂತಿಲ್ಲ. ಇಂದು ಅನಗತ್ಯವಾಗಿ ಉಜ್ಜಿ ಕಳೆದ ಒಂದೊಂದು ಮಿಲಿಮೀಟರೂ ಕುದುರೆಯ ಮುಪ್ಪಿನ ಪಾಲಿನಿಂದ ಕಳೆದದ್ದು.

ಹಲ್ಲು ನೋಡಿ ವಯಸ್ಸು ಹೇಳುವ ವಿದ್ಯೆ ಕರ್ನಾಟಕದ ರೈತರಿಗೆ ಹೊಸದಲ್ಲ. ದನದ ಜಾತ್ರೆಯಲ್ಲಿ ಹೋರಿಯ ತುಟಿ ಎತ್ತಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ಲೆಕ್ಕ ಹಾಕಿಯೇ ವ್ಯಾಪಾರಕ್ಕೆ ಕೂರುತ್ತಾರೆ. ಕುದುರೆಯಲ್ಲೂ ಹಾಗೆಯೇ. ಎರಡೂವರೆಯಿಂದ ಐದು ವರ್ಷದೊಳಗೆ ಅದರ 24 ಹಾಲುಹಲ್ಲುಗಳೂ ಉದುರಿ ಹೊಸವು ಬರುತ್ತವೆ. ಸಂಸ್ಕೃತದ ಅಶ್ವಶಾಸ್ತ್ರಗಳು ಬಾಚಿಹಲ್ಲಿನ ಬಣ್ಣ, ಗುರುತುಗಳನ್ನು ಕಾಲಿಕಾ, ಹರಿಣೀ, ಶುಕ್ಲಾ ಮುಂತಾಗಿ ಹೆಸರಿಸಿ ವಯಸ್ಸು ಅಳೆದಿವೆ. ಕನ್ನಡದಲ್ಲೂ ಅಭಿನವಚಂದ್ರನ ಅಶ್ವವೈದ್ಯ, ಮೈಸೂರು ಅರಸರ ಕಾಲದ ಪದ್ಮಣ ಪಂಡಿತನ ಹಯಸಾರ ಸಮುಚ್ಚಯದಂಥ ಕುದುರೆ ವೈದ್ಯದ ಗ್ರಂಥಗಳು ಹುಟ್ಟಿದವು. ಇಂದಿನ ಪಾಶ್ಚಾತ್ಯ ತರಬೇತಿಯಲ್ಲಿ ಕಲಿಸುವುದು ‘ಗ್ಯಾಲ್ವೇನ್ ಗೆರೆ’ಯನ್ನು. ಮೇಲಿನ ಕೊನೆಯ ಬಾಚಿಹಲ್ಲಿನ ಮೇಲೆ ಹತ್ತನೇ ವರ್ಷದ ಸುಮಾರಿಗೆ ಮೂಡುವ ಈ ಗೆರೆ ಇಪ್ಪತ್ತಕ್ಕೆ ಹಲ್ಲಿನುದ್ದಕ್ಕೂ ಇಳಿದು, ಮೂವತ್ತಕ್ಕೆ ಮಾಯವಾಗುತ್ತದೆ ಎಂಬುದು ಲೆಕ್ಕ. ಕುದುರೆಯಿಂದ ಕುದುರೆಗೆ ಇದು ಬದಲಾಗುವುದರಿಂದ ಅಂದಾಜಿಗಷ್ಟೇ ಉಪಯೋಗ.

ಲಾಯ ಸೇರಿದ ಮೇಲೆ

ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ 14–16 ಗಂಟೆ ತಲೆ ತಗ್ಗಿಸಿ ಮೇಯುತ್ತದೆ. ಲಾಯದ ಕುದುರೆಗೆ ಹೊತ್ತು ಹೊತ್ತಿಗೆ ಓಟ್ಸ್, ಹುರುಳಿ, ತೌಡು, ಪೆಲೆಟ್ ಸಿಗುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಕುದುರೆ 3,000ಕ್ಕೂ ಹೆಚ್ಚು ಸಲ ದವಡೆ ಆಡಿಸಿದರೆ, ಅಷ್ಟೇ ಧಾನ್ಯಕ್ಕೆ 1,000ದ ಆಸುಪಾಸು ಸಾಕು. ಆಡಿಸುವ ರೀತಿಯೂ ಬೇರೆ. ಉದ್ದನೆಯ ಹುಲ್ಲಿಗೆ ದವಡೆ ಪಕ್ಕಕ್ಕೆ ದೂರ ಸರಿಯುತ್ತದೆ, ಪೆಲೆಟ್‌ಗೆ ಅಷ್ಟು ಬೇಕಿಲ್ಲ. ಹಲ್ಲಿನ ಅಂಚು ಸವೆಯದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಕುದುರೆಗೆ ಮುಖ್ಯವಾಗಿ ಜೊಲ್ಲು ಸುರಿಯುವುದು ಅಗಿಯುವಾಗ. ಕಡಿಮೆ ಅಗಿದರೆ ಹೊಟ್ಟೆಯ ಆಮ್ಲವನ್ನು ತಣಿಸುವ ಜೊಲ್ಲೂ ಕಡಿಮೆ.

ಇನ್ನೊಂದು ಕಾರಣ ಹುಲ್ಲು ಕಟ್ಟುವ ಎತ್ತರ. ಕುದುರೆ ತಲೆ ತಗ್ಗಿಸಿದಾಗ ಕೆಳದವಡೆ ತುಸು ಮುಂದಕ್ಕೆ ಸರಿಯುತ್ತದೆ, ಎತ್ತಿದಾಗ ಹಿಂದಕ್ಕೆ. ದಿನವೂ ತಲೆಮಟ್ಟದ ಬಲೆಯಿಂದಲೇ ಹುಲ್ಲು ಎಳೆದು ತಿನ್ನುವ ಕುದುರೆಯ ಹಲ್ಲುಗಳು ಒಂದಕ್ಕೊಂದು ತಾಗುವ ಬಗೆಯೇ ಬೇರೆ. ‘ಹುಲ್ಲನ್ನು ನೆಲದ ಮೇಲೆ ಹಾಕಿ’ ಎಂಬ ಸರಳ ಸಲಹೆಯನ್ನು ಸಮಗ್ರ ದಂತಚಿಕಿತ್ಸೆಯ ತರಬೇತುದಾರರು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಇವೆಲ್ಲದರ ಮೇಲೆ ಕಡಿವಾಣ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಕುದುರೆಯ ಬಾಯಲ್ಲಿ ಹಲ್ಲಿಲ್ಲದ ಖಾಲಿ ಜಾಗವಿದೆ. ಮನುಷ್ಯ ಲೋಹದ ತುಂಡು ಇಟ್ಟದ್ದು ಅಲ್ಲೇ. ಇದಕ್ಕೂ ದಂತಚಿಕಿತ್ಸೆಗೂ ಇರುವ ನಂಟು ಎಷ್ಟು ಹಳೆಯದೆಂದು ಮಂಗೋಲಿಯಾದ ಹುಲ್ಲುಗಾವಲು ತೋರಿಸಿಕೊಟ್ಟಿದೆ. ಪುರಾತತ್ತ್ವಜ್ಞ ವಿಲಿಯಂ ಟೇಲರ್ ಮತ್ತು ಸಂಗಡಿಗರು ಅಲ್ಲಿನ ಪ್ರಾಚೀನ ಸಮಾಧಿಗಳ ಕುದುರೆ ಬುರುಡೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಬಂಧ ಪ್ರಕಟಿಸಿದರು. ಸುಮಾರು ಕ್ರಿ.ಪೂ. 1150ರ ಹೊತ್ತಿಗೇ ಪಶುಪಾಲಕರು ಅಡ್ಡಾದಿಡ್ಡಿ ಬಂದ ಬಾಚಿಹಲ್ಲನ್ನು ಕಲ್ಲಿನ ಉಪಕರಣದಿಂದ ಕೊಯ್ಯಲು ಯತ್ನಿಸಿದ್ದರು. ಕೆಲವು ಶತಮಾನಗಳ ಬಳಿಕ ಲೋಹದ ಕಡಿವಾಣ ಬಂದಾಗ ಅದಕ್ಕೆ ತಾಗುವ ವುಲ್ಫ್ ಟೂತನ್ನು ಕಿತ್ತ ಗುರುತುಗಳೂ ಬುರುಡೆಗಳಲ್ಲಿ ಕಾಣತೊಡಗುತ್ತವೆ. ಹೊಸ ಉಪಕರಣ ಬಂದಂತೆ ಹೊಸ ಚಿಕಿತ್ಸೆಯೂ ಬಂತು.

ಕಡಿವಾಣದ ಗಾಯ ಇಂದಿಗೂ ನಿಂತಿಲ್ಲ. ಫಿನ್‌ಲೆಂಡ್‌ನಲ್ಲಿ ಗಾಡಿ ಎಳೆದು ಓಡುವ 261 ಟ್ರಾಟರ್ ಕುದುರೆಗಳ ಬಾಯನ್ನು ರೇಸ್ ಮುಗಿದ ಮೇಲೆ ಪರೀಕ್ಷಿಸಿದಾಗ ಶೇ 84ರಷ್ಟರಲ್ಲಿ ಕಡಿವಾಣ ತಾಗುವ ಜಾಗದಲ್ಲಿ ಹೊಸ ಗಾಯ ಅಥವಾ ಕಂದಿದ ಗುರುತುಗಳಿದ್ದವು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಕಲಿಯಬೇಕಾದದ್ದಿಷ್ಟು: ತಲೆ ಕೊಡಹುವ, ಲಗಾಮಿಗೆ ಬಗ್ಗದ ಕುದುರೆಯನ್ನು ‘ಹಟಮಾರಿ’ ಎಂದು ಬೈಯುವ ಮೊದಲು ಅದರ ಬಾಯಿ ನೋಡಬೇಕು.

ನಾಲಿಗೆಯಿಂದ ಹೆಗಲಿಗೆ

ಸಮಗ್ರ ಪದ್ಧತಿಯ ವಾದಕ್ಕೆ ಅಂಗರಚನೆಯ ಆಧಾರವಿದೆ. ಕುದುರೆಯ ನಾಲಿಗೆಯ ಬುಡದಲ್ಲಿ ಹಯಾಯ್ಡ್ ಎಂಬ ಸಣ್ಣ ಮೂಳೆಗಳ ಚೌಕಟ್ಟಿದೆ. ಅದರ ಮೇಲಿನ ತುದಿ ತಲೆಬುರುಡೆಗೆ, ದವಡೆಕೀಲಿನ ಹತ್ತಿರವೇ ಅಂಟಿಕೊಂಡಿದೆ. ಕೆಳಗಿನಿಂದ ಹೊರಟ ಸ್ನಾಯುಗಳಲ್ಲಿ ಒಂದು ಎದೆಮೂಳೆಗೆ, ಇನ್ನೊಂದು ಹೆಗಲಿನ ಒಳಬದಿಗೆ ಹೋಗಿ ಸೇರುತ್ತದೆ. ಬಾಯಲ್ಲಿ ನೋವಿದ್ದು ನಾಲಿಗೆ, ದವಡೆ ಬಿಗಿಹಿಡಿದ ಕುದುರೆ ಕತ್ತನ್ನೂ ಮುಂಗಾಲನ್ನೂ ಸಲೀಸಾಗಿ ಆಡಿಸಲಾರದು ಎಂದು ತರಬೇತುದಾರರು ಹೇಳುವುದು ಈ ನಂಟನ್ನು ತೋರಿಸಿಯೇ.

ಅಮೆರಿಕದ ಸ್ಪೆನ್ಸರ್ ಲಾಫ್ಲೂರ್ ರೂಪಿಸಿದ ‘ನ್ಯಾಚುರಲ್ ಬ್ಯಾಲೆನ್ಸ್’ ಎಂಬ ಪದ್ಧತಿ ಈ ದಾರಿಯಲ್ಲಿ ಹೆಸರು ಮಾಡಿದೆ. ಲಾಯದ ಕುದುರೆಯ ಬಾಚಿಹಲ್ಲು ಮಣ್ಣು ಮರಳಿಗೆ ತಾಗದೆ ಸಾಕಷ್ಟು ಸವೆಯುವುದಿಲ್ಲ. ಉದ್ದವಾದ ಬಾಚಿಹಲ್ಲು ಇಡೀ ದವಡೆಯ ಚಲನೆಯನ್ನೇ ಕೆಡಿಸುತ್ತದೆ. ಆದ್ದರಿಂದ ಮೊದಲು ಮುಂದಿನ ಹಲ್ಲನ್ನು ಸರಿಪಡಿಸಿ ದವಡೆಕೀಲನ್ನು ಹದಕ್ಕೆ ತರಬೇಕು ಎಂಬುದು ಈ ಪಂಥದ ವಾದ. ಇಲ್ಲಿ ಒತ್ತು ಕೈ ಅರಕ್ಕೆ. ಬಾಚಿಹಲ್ಲನ್ನು ವಾಡಿಕೆಯಾಗಿ ತಗ್ಗಿಸುವುದನ್ನು ಮಾತ್ರ ಅನೇಕ ಪಶುವೈದ್ಯ ತಜ್ಞರು ಒಪ್ಪುವುದಿಲ್ಲ. ನಿಜವಾದ ವಿಕಾರವಿದ್ದಾಗಷ್ಟೇ, ಅದೂ ಸ್ವಲ್ಪವೇ ತೆಗೆಯಬೇಕೆಂದು ಅವರು ಎಚ್ಚರಿಸುತ್ತಾರೆ.

ಒಳ್ಳೆಯ ತರಬೇತಿಯಲ್ಲಿ ಒಂದು ಕುದುರೆಯನ್ನು ಪರೀಕ್ಷಿಸುವ ಕ್ರಮ ನೋಡುವಂಥದ್ದು. ಕಲಿಯುವವರು ನೇರವಾಗಿ ಬಾಯಿಗೆ ಕೈ ಹಾಕುವುದಿಲ್ಲ. ಮೊದಲು ಕುದುರೆಯನ್ನು ನಡೆಸಿ ನೋಡುತ್ತಾರೆ, ಮೇವು ತಿನ್ನುವುದನ್ನು ನೋಡುತ್ತಾರೆ. ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಬೀಳುತ್ತಿದೆಯೇ? ಲದ್ದಿಯಲ್ಲಿ ಉದ್ದ ನಾರು, ಇಡೀ ಕಾಳು ಕಾಣುತ್ತಿದೆಯೇ? ಆಮೇಲೆ ಎರಡೂ ಕೆನ್ನೆಯ ದಪ್ಪ ಸ್ನಾಯುಗಳ ಮೇಲೆ ಏಕಕಾಲಕ್ಕೆ ಅಂಗೈ ಇಟ್ಟು, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕರಗಿದೆಯೇ ಎಂದು ತಡವುತ್ತಾರೆ. ಕಣ್ಣಿಗೂ ಕಿವಿಗೂ ನಡುವಿನ ದವಡೆಕೀಲನ್ನು ಬೆರಳಿಂದ ಮೆಲ್ಲಗೆ ಒತ್ತುತ್ತಾರೆ. ತುಟಿ ಬಿಡಿಸಿ ಬಾಚಿಹಲ್ಲು ನೋಡಿ, ಕೆಳದವಡೆಯನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಹಲ್ಲುಗಳು ಎಲ್ಲಿ ತಾಗಿ ನಿಲ್ಲುತ್ತವೆ ಎಂದು ಗಮನಿಸುತ್ತಾರೆ.

ದೊಡ್ಡ ಸಿರಿಂಜಿನಿಂದ ನೀರು ಚಿಮ್ಮಿಸಿ ಬಾಯಿ ತೊಳೆದ ಮೇಲೆ ಬರುವುದು ಸ್ಪೆಕ್ಯುಲಮ್. ಮೇಲೊಂದು ಕೆಳಗೊಂದು ಲೋಹದ ತಟ್ಟೆ ಬಾಚಿಹಲ್ಲಿಗೆ ಕೂರುತ್ತದೆ, ಪಟ್ಟಿ ಕಿವಿಯ ಹಿಂದೆ ಬಿಗಿಯುತ್ತದೆ. ಬದಿಯ ಹಲ್ಲುಪಟ್ಟಿ ಟಕ್ ಟಕ್ ಎನ್ನುತ್ತ ಮೆಟ್ಟಿಲು ಮೆಟ್ಟಿಲಾಗಿ ಬಾಯಿ ತೆರೆದುಕೊಳ್ಳುತ್ತದೆ. ಐನೂರು ಕಿಲೋ ತೂಗುವ ಪ್ರಾಣಿ ಆ ಕ್ಷಣದಲ್ಲಿ ತಲೆ ಕೊಡಹಿದರೆ ಎದುರಿಗಿದ್ದವರ ಮುಖದ ಮೂಳೆ ಮುರಿದೀತು. ಎಲ್ಲಿ ನಿಲ್ಲಬೇಕು, ಯಾವಾಗ ಬಿಡಬೇಕು ಎಂಬುದೂ ಪಾಠವೇ. ಹಣೆದೀಪದ ಬೆಳಕಿನಲ್ಲಿ ಉದ್ದ ಹಿಡಿಯ ಕನ್ನಡಿ ಒಳಗೆ ಹೋಗುತ್ತದೆ. ಹಲ್ಲುಗಳ ಸಂದಿಯಲ್ಲಿ ಮೇವು ಸಿಕ್ಕಿ ಕೊಳೆತಿದ್ದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ.

ಕಂಡದ್ದನ್ನೆಲ್ಲ ಪಟ್ಟಿಯಲ್ಲಿ ಬರೆಯಬೇಕು. ಅದಕ್ಕೆ ಟ್ರಯಡಾನ್ ಎಂಬ ಸಂಖ್ಯಾಕ್ರಮವಿದೆ. ಬಾಯನ್ನು ನಾಲ್ಕು ಭಾಗ ಮಾಡಿ ಮೇಲಿನ ಬಲಕ್ಕೆ 100, ಮೇಲಿನ ಎಡಕ್ಕೆ 200, ಕೆಳಗಿನ ಎಡಕ್ಕೆ 300, ಕೆಳಗಿನ ಬಲಕ್ಕೆ 400 ಎಂದು ಕೊಟ್ಟಿದ್ದಾರೆ. ‘106’ ಎಂದರೆ ಮೇಲಿನ ಬಲಬದಿಯ ಮೊದಲ ದವಡೆಹಲ್ಲು, ‘311’ ಎಂದರೆ ಕೆಳಗಿನ ಎಡಬದಿಯ ಕಟ್ಟಕಡೆಯದು. ಟೆಕ್ಸಸ್‌ನಲ್ಲಿ ಬರೆದ ಪಟ್ಟಿಯನ್ನು ಇಂಗ್ಲೆಂಡಿನವರು ತಪ್ಪಿಲ್ಲದೆ ಓದಬಲ್ಲರು.

ಉಜ್ಜಿದ್ದು ಹೆಚ್ಚಾದರೆ

ಹಲ್ಲು ನುಣ್ಣಗಾದಷ್ಟೂ ಒಳ್ಳೆಯದು ಎಂದುಕೊಂಡರೆ ಅದು ದೊಡ್ಡ ತಪ್ಪು. ಬೀಸುಕಲ್ಲಿಗೆ ಆಗಾಗ ಉಳಿ ಹಾಕಿಸಿ ಒರಟು ಮಾಡದಿದ್ದರೆ ರಾಗಿ ಹಿಟ್ಟಾಗುವುದಿಲ್ಲವಲ್ಲ, ಕುದುರೆಯ ದವಡೆಹಲ್ಲೂ ಹಾಗೆಯೇ. ಗಟ್ಟಿ ಎನಾಮೆಲ್, ಅದಕ್ಕಿಂತ ಮೆದುವಾದ ಡೆಂಟಿನ್, ಸಿಮೆಂಟಮ್ ಮೂರೂ ಮಡಿಕೆ ಮಡಿಕೆಯಾಗಿ ಸೇರಿದ್ದು, ಬೇರೆಬೇರೆ ವೇಗದಲ್ಲಿ ಸವೆಯುವುದರಿಂದಲೇ ಆ ಒರಟು ತಾನಾಗಿ ಉಳಿದುಕೊಂಡಿರುತ್ತದೆ. ಅರೆಯುವ ಮೇಲ್ಮೈ 10–15 ಡಿಗ್ರಿಯಷ್ಟು ಓರೆ ಇರುವುದೂ ಸಹಜ. ಅದನ್ನು ಮಟ್ಟಸ ಮಾಡಿಬಿಟ್ಟರೆ ಕುದುರೆ ಮೇವಿನ ಮುಂದೆ ನಿಂತೂ ಉಪವಾಸ.

ವಿದ್ಯುತ್ ಅರ ಬಂದ ಮೇಲೆ ಈ ಅಪಾಯ ಹೆಚ್ಚಿತು. ನೀರು ಹಾಯಿಸದೆ ಒಂದೇ ಕಡೆ ಹೆಚ್ಚು ಹೊತ್ತು ಉಜ್ಜಿದರೆ ಹಲ್ಲಿನೊಳಗಿನ ಜೀವಂತ ತಿರುಳು ಕಾದು ಕೆಡುತ್ತದೆ. ತಿರುಳಿನ ಮೇಲಿನ ರಕ್ಷಾಪದರ ಕೆಲವು ಹಲ್ಲುಗಳಲ್ಲಿ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ, ಹೊರಗಿನಿಂದ ನೋಡಿ ಅದನ್ನು ಊಹಿಸಲಾಗದು. ಸಮಗ್ರ ಪಂಥದವರು ಕೈ ಅರವನ್ನೇ ಹಿಡಿಯುವುದಕ್ಕೆ ಇದೂ ಕಾರಣ. ಹಾಗೆಂದು ಕೈ ಅರವೇ ಸಾಧು, ಯಂತ್ರವೇ ರಾಕ್ಷಸ ಎನ್ನುವಂತಿಲ್ಲ. ಪಳಗಿದ ಕೈಯಲ್ಲಿ ಯಂತ್ರ ಬೇಗ, ಅಚ್ಚುಕಟ್ಟಾಗಿ ಕೆಲಸ ಮುಗಿಸುತ್ತದೆ. ಮಂಪರಿನ ಚುಚ್ಚುಮದ್ದು ಬೇಡ, ಕುದುರೆಯ ವಿಶ್ವಾಸ ಗಳಿಸಿಯೇ ಕೆಲಸ ಮಾಡುತ್ತೇವೆ ಎಂಬ ಕೆಲವರ ಹೆಮ್ಮೆಗೂ ಮಿತಿಯಿದೆ. ಹಿಂದಿನ ಹಲ್ಲುಗಳ ಸಂದಿಯನ್ನು ಕನ್ನಡಿಯಲ್ಲಿ ಸರಿಯಾಗಿ ನೋಡಲು ಕುದುರೆ ಅಲುಗದೆ ನಿಲ್ಲಬೇಕು. ಎಷ್ಟೋ ಸಲ ಮಂಪರು ಕೊಟ್ಟಾಗಲಷ್ಟೇ ಅದು ಸಾಧ್ಯ.

ಇಷ್ಟೆಲ್ಲ ಉಜ್ಜಿದ್ದರ ಫಲವೇನು? ಕೆನಡಾದ ಸಸ್ಕ್ಯಾಚುವನ್‌ನಲ್ಲಿ ಜೇಮ್ಸ್ ಕಾರ್ಮಾಲ್ಟ್ ಮತ್ತು ಸಹೋದ್ಯೋಗಿಗಳು ಇದನ್ನು ಅಳೆದು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹಲ್ಲು ಉಜ್ಜಿದ ಮೇಲೆ ಕೆಳದವಡೆಯ ಮುಂದು-ಹಿಂದಿನ ಚಲನೆ ಹೆಚ್ಚಿತ್ತು. ಸಮಗ್ರ ಪಂಥಕ್ಕೆ ಖುಷಿಯ ಸುದ್ದಿ. ಮರುವರ್ಷ ಪ್ರಕಟವಾದ, ಗಬ್ಬದ ಕುದುರೆಗಳ ಮೇಲಿನ ಅಧ್ಯಯನದಲ್ಲಿ ತೂಕ, ಮೈಕಟ್ಟು, ಮೇವಿನ ಜೀರ್ಣ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನೋವು ಕೊಡುವ ಚೂಪು, ಸಡಿಲ ಹಲ್ಲು, ಕೊಳೆತ ಒಸಡಿಗೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲ್ಲು ಉಜ್ಜಿಸಿದರೆ ಆರೋಗ್ಯವಂತ ಕುದುರೆ ದಪ್ಪವಾಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅದಕ್ಕೆ ಈ ಅಧ್ಯಯನದ ಬೆಂಬಲವಿಲ್ಲ.

ಪರವಾನಗಿ ಯಾರಿಗೆ?

ಕುದುರೆಯ ಹಲ್ಲಿಗೆ ಕೈ ಹಾಕುವ ಹಕ್ಕು ಯಾರದು ಎಂಬುದರ ಮೇಲೆ ಪಶುವೈದ್ಯರಿಗೂ ದಂತತಂತ್ರಜ್ಞರಿಗೂ ದೀರ್ಘ ಜಗಳ ನಡೆದಿದೆ. ಬ್ರಿಟನ್ ಇದಕ್ಕೊಂದು ಮಧ್ಯಮಾರ್ಗ ಕಂಡುಕೊಂಡಿತು. ಅಲ್ಲಿ ಕೆಲಸಗಳನ್ನು ಮೂರು ವರ್ಗ ಮಾಡಿದ್ದಾರೆ. ಬಾಯಿ ಪರೀಕ್ಷೆ, ಚೂಪು ತೆಗೆಯುವುದು, 4 ಮಿಲಿಮೀಟರ್ ಮೀರದಂತೆ ಸಣ್ಣ ಉಬ್ಬು ತಗ್ಗಿಸುವುದು ಮೊದಲ ವರ್ಗ. ವುಲ್ಫ್ ಟೂತ್ ಕೀಳುವಂಥದ್ದು ಎರಡನೆಯದು. ಅದನ್ನು ಮಾನ್ಯ ಪರೀಕ್ಷೆ ಪಾಸಾದವರು ಪಶುವೈದ್ಯರ ಉಸ್ತುವಾರಿಯಲ್ಲಿ ಮಾಡಬೇಕು. ಮೂರನೆಯದು ಉಳಿದೆಲ್ಲ ಚಿಕಿತ್ಸೆ, ಅದು ವೈದ್ಯರಿಗೇ ಮೀಸಲು. ಮಂಪರಿನ ಔಷಧ ಕೊಡುವುದೂ ವೈದ್ಯರೇ.

ಆ ಮಾನ್ಯ ಪರೀಕ್ಷೆಯನ್ನು ಬ್ರಿಟಿಷ್ ಕುದುರೆ ವೈದ್ಯರ ಸಂಘ ಮತ್ತು ಪಶು ದಂತವೈದ್ಯರ ಸಂಘ ಜಂಟಿಯಾಗಿ ನಡೆಸುತ್ತವೆ. ಗ್ಲಾಸ್ಟರ್‌ಶೈರ್‌ನ ಹಾರ್ಟ್‌ಪುರಿ ಈ ವಿಷಯದಲ್ಲಿ ಪದವಿ ಕೋರ್ಸನ್ನೇ ನಡೆಸಿದೆ. ಪುಸ್ತಕದ ಓದಿನ ಜೊತೆಗೆ ಬುರುಡೆ, ಸತ್ತ ಕುದುರೆಗಳ ತಲೆ, ಕೊನೆಗೆ ಜೀವಂತ ಕುದುರೆ ಎಂಬ ಏಣಿಯನ್ನು ಹತ್ತಿಯೇ ಕೈ ಪಳಗಬೇಕು. ವುಲ್ಫ್ ಟೂತಿನ ಪಕ್ಕದಲ್ಲೇ ಅಂಗುಳಿನ ದೊಡ್ಡ ರಕ್ತನಾಳವೊಂದು ಹಾಯುತ್ತದೆ. ಉಪಕರಣ ಜಾರಿದರೆ ರಕ್ತ ನಿಲ್ಲಿಸುವುದು ಕಷ್ಟ ಎಂಬುದನ್ನು ಬುರುಡೆಯ ಮೇಲೆ ಕಲಿತರೆ ಅರ್ಧ ಪಾಠ ಮಾತ್ರ.

ಅಮೆರಿಕದಲ್ಲಿ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ದಂತಕಾರರು ಕೋರ್ಟು ಹತ್ತಿದರು. 2011ರಲ್ಲಿ ಶಾಸನಸಭೆ ಕಾನೂನು ತಂದು, ಪ್ರಮಾಣಪತ್ರ ಪಡೆದ ದಂತಕಾರರಿಗೆ ಪಶುವೈದ್ಯ ಮಂಡಳಿಯೇ ಪರವಾನಗಿ ಕೊಡುವಂತೆ ಮಾಡಿತು. ಅವರು ಪಶುವೈದ್ಯರ ಸಾಮಾನ್ಯ ಉಸ್ತುವಾರಿಯಲ್ಲಿ ಕೆಲಸ ಮಾಡಬೇಕು.

ಭಾರತದಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿದೆ. ಡಿಪ್ಲೊಮಾ ಪಡೆದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಕೊಡಲು ರಾಜ್ಯ ಸರ್ಕಾರ ಅನುಮತಿಸಬಹುದು. ಹೀಗಾಗಿ ಹೊರದೇಶದ ಯಾವುದೋ ಶಾಲೆಯ ಪ್ರಮಾಣಪತ್ರ ತಂದು ಇಲ್ಲಿ ಕುದುರೆಯ ಹಲ್ಲು ಕೀಳುತ್ತೇನೆಂದರೆ ನಡೆಯದು. ಈ ಕ್ಷೇತ್ರದತ್ತ ಕಣ್ಣಿಟ್ಟ ಕರ್ನಾಟಕದ ಯುವಕ ಯುವತಿಯರಿಗೆ ನೇರ ದಾರಿ ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದಡಿ ಹೆಬ್ಬಾಳ, ಹಾಸನ, ಶಿವಮೊಗ್ಗ ಮುಂತಾದ ಕಡೆ ಇರುವ ಕಾಲೇಜುಗಳಲ್ಲಿ ಬಿ.ವಿ.ಎಸ್‌ಸಿ. ಮುಗಿಸಿ, ಆಮೇಲೆ ದಂತಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆಯುವುದು. ರೇಸ್ ಕುದುರೆ, ಪೊಲೀಸ್ ಕುದುರೆ, ಮೈಸೂರಿನ ಟಾಂಗಾ ಕುದುರೆ, ಇಟ್ಟಿಗೆ ಹೊರುವ ಕತ್ತೆ ಇವುಗಳ ಬಾಯಿರಚನೆ ಒಂದೇ ಬಗೆಯದು, ನೋವೂ ಒಂದೇ.

ಕುದುರೆ ಸಾಕಿದವರು ವರ್ಷಕ್ಕೊಮ್ಮೆಯಾದರೂ ಅದರ ಬಾಯನ್ನು ಪಶುವೈದ್ಯರಿಗೆ ತೋರಿಸಬೇಕು. ಎರಡರಿಂದ ಐದು ವರ್ಷದ ಎಳೆ ಕುದುರೆಯನ್ನೂ ಮುದಿ ಕುದುರೆಯನ್ನೂ ಇನ್ನೂ ಬೇಗ ಬೇಗ ತೋರಿಸುವುದು ಒಳ್ಳೆಯದು. ಮೇವು ಉಗುಳುವುದು, ಬಾಯಿ ವಾಸನೆ, ಒಂದೇ ಮೂಗಿನ ಹೊಳ್ಳೆಯಿಂದ ಕೀವು ಸುರಿಯುವುದು, ತಲೆ ಓರೆ ಮಾಡಿ ಅಗಿಯುವುದು ಕಂಡರೆ ವರ್ಷ ತುಂಬುವವರೆಗೆ ಕಾಯಬೇಡಿ. ಅರ ಹಿಡಿದು ಬಂದವರು ಎಷ್ಟೇ ‘ಸಮಗ್ರ’ ಎಂದು ಹೇಳಿಕೊಳ್ಳಲಿ, ಮೂರು ಪ್ರಶ್ನೆ ಕೇಳಿ: ಎಲ್ಲಿ ಕಲಿತಿರಿ, ಯಾವ ಹಲ್ಲಿನಿಂದ ಎಷ್ಟು ತೆಗೆಯುತ್ತೀರಿ, ಯಾಕೆ? ನೇರ ಉತ್ತರ ಬರದಿದ್ದರೆ ಕುದುರೆಯನ್ನು ಲಾಯಕ್ಕೆ ವಾಪಸು ಕರೆದುಕೊಂಡು ಹೋಗಿ.